ಎರಡು ತಲೆ ಹಾವಿಗೆ ಎಷ್ಟು ರಕ್ಷಣೆ? ಅದನ್ನು ಯಾರು, ಹೇಗೆ ತೀರ್ಮಾನಿಸುತ್ತಾರೆ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಮಸಾರಿ ಹೊಲಗಳಲ್ಲಿ ರಂಟೆ ಹೊಡೆಯುವಾಗಲೋ ಶೇಂಗಾ ಕೀಳುವಾಗಲೋ ಹಾವು ಏಳುವುದು ಹೊಸದೇನಲ್ಲ. ಅವುಗಳಲ್ಲಿ ಒಂದು ಜಾತಿಯ ಹಾವು ಕಂಡಾಗ ಮಾತ್ರ ಜನ ಕೇಳುವ ಮೊದಲ ಪ್ರಶ್ನೆಯೇ ಬೇರೆ: "ಎಷ್ಟು ಕೆ.ಜಿ. ಐತೆ?" ವಿಷವಿಲ್ಲದ, ಹೊಲದ ಇಲಿ ತಿಂದು ಬದುಕುವ ಈ ಹಾವನ್ನು ಎರಡು ತಲೆ ಹಾವು, ಮಣ್ಣುಮುಕ್ಕ ಹಾವು ಎಂದೆಲ್ಲ ಕರೆಯುತ್ತಾರೆ. ಮನೆಯಲ್ಲಿಟ್ಟರೆ ಸಂಪತ್ತು ಕೂಡುತ್ತದೆ, ಹೊರದೇಶದಲ್ಲಿ ಇದರಿಂದ ಔಷಧ ಮಾಡುತ್ತಾರೆ, ತೂಕ ಹೆಚ್ಚಿದಷ್ಟೂ ಲಕ್ಷಗಳು ಹೆಚ್ಚುತ್ತವೆ ಎಂಬ ಸುಳ್ಳುಗಳು ವರ್ಷಗಟ್ಟಲೆಯಿಂದ ಇದರ ಬೆನ್ನು ಹತ್ತಿವೆ. ಆ ಸುಳ್ಳಿನಿಂದಾಗಿ ಹಾವು ಸಾಯುತ್ತಿದೆ, ಅದನ್ನು ನಂಬಿ ಹಿಡಿದವರು ಜೈಲಿಗೆ ಹೋಗುತ್ತಿದ್ದಾರೆ, ಕೊಳ್ಳಹೋದವರು ಮೋಸ ಹೋಗುತ್ತಿದ್ದಾರೆ.

ಇದು ಸಂರಕ್ಷಿತ ಹಾವು ಎಂಬುದು ಬಹುತೇಕರಿಗೆ ಗೊತ್ತು. ಆದರೆ ಎಷ್ಟು ರಕ್ಷಣೆ ಇದೆ, ಅದನ್ನು ಯಾರು ಕೊಟ್ಟರು, ಅದು ಸಾಕೋ ಸಾಲದೋ ಎಂದು ಮರುಪರಿಶೀಲನೆ ಆಗುವುದು ಹೇಗೆ ಎಂದು ಕೇಳಿದರೆ ಓದಿದವರೂ ತಡವರಿಸುತ್ತಾರೆ. ಆ ಪರಿಶೀಲನೆ ನಡೆಯುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ. ಅದಕ್ಕೆ ಬೇಕಾದ ಪುರಾವೆ ಈ ಐದು ತಾಲ್ಲೂಕುಗಳಂಥ ಕಡೆಯ ಹೊಲ, ಬದು, ಕುರುಚಲು ಗುಡ್ಡಗಳಿಂದಲೇ ಬರಬೇಕು. ಹಾಗಾಗಿ ಇಲ್ಲಿನ ರೈತ, ಶಾಲಾ ಮಾಸ್ತರು, ಪಂಚಾಯಿತಿ ಸದಸ್ಯರು ಇದನ್ನು ತಿಳಿದುಕೊಳ್ಳಬೇಕು ಎಂಬುದು ನನ್ನ ಆಸೆ.

ಮೊದಲು ಹಾವನ್ನು ಗುರುತು ಹಿಡಿಯೋಣ. ವಿಜ್ಞಾನದಲ್ಲಿ ಇದು ಎರಿಕ್ಸ್ ಜಾನಿಯೈ. 1801ರಲ್ಲಿ ಇದನ್ನು ವಿವರಿಸಿದ ಪ್ಯಾಟ್ರಿಕ್ ರಸೆಲ್, ತರಂಗಂಬಾಡಿಯಲ್ಲಿದ್ದ ಮಿಷನರಿ ಜಾನ್ ಅವರ ಹೆಸರನ್ನು ಇದಕ್ಕಿಟ್ಟ. ಮೈ ತಲೆಯಿಂದ ಬಾಲದವರೆಗೆ ಹೆಚ್ಚುಕಡಿಮೆ ಒಂದೇ ದಪ್ಪ. ಹುರುಪೆ ಸಣ್ಣದು, ನಯ, ಬಿಸಿಲಿಗೆ ಮಿರುಗುತ್ತದೆ. ಬಣ್ಣ ಕೆಂಗಂದು ಅಥವಾ ಕಂದು. ಮರಿಗಳಲ್ಲಿ ಬಣ್ಣ ಇನ್ನೂ ಕೆಂಪು, ಬಾಲದ ಕಡೆ ಕಪ್ಪು ಪಟ್ಟೆಗಳೂ ಇರುತ್ತವೆ. ಮೂತಿಯ ತುದಿಯ ಹುರುಪೆ ಗುದ್ದಲಿಯ ಅಲಗಿನಂತೆ ಅಗಲವಾಗಿ ಚೂಪಾಗಿದ್ದು, ಸಡಿಲ ಮಣ್ಣನ್ನು ಸೀಳಿಕೊಂಡು ಒಳನುಗ್ಗಲು ನೆರವಾಗುತ್ತದೆ. ಕಣ್ಣು ತೀರಾ ಚಿಕ್ಕದು. ಬಾಲ ಮೊಂಡು. ಅಪಾಯ ಕಂಡರೆ ತಲೆಯನ್ನು ಮೈಸುರುಳಿಯ ಅಡಿಗೆ ಸೇರಿಸಿ ಬಾಲವನ್ನು ಮೇಲೆತ್ತಿ ಅಲ್ಲಾಡಿಸುತ್ತದೆ. ವೈರಿ ತಲೆಯೆಂದು ಬಗೆದು ಬಾಲಕ್ಕೆ ಬಾಯಿ ಹಾಕುತ್ತಾನೆ, ಹಾವಿನ ಜೀವ ಉಳಿಯುತ್ತದೆ. ಎರಡು ತಲೆಯ ಕತೆಗೆ ಇದಿಷ್ಟೇ ಮೂಲ. ಇದು ಮೊಟ್ಟೆ ಇಡುವ ಹಾವಲ್ಲ, ಮರಿ ಹಾಕುತ್ತದೆ, ಅದೂ ಕೆಲವೇ ಮರಿಗಳನ್ನು. ನೂರಾರು ಮೊಟ್ಟೆಯಿಡುವ ಜೀವಿಯಂತೆ ಕಳೆದುಕೊಂಡದ್ದನ್ನು ಬೇಗ ತುಂಬಿಕೊಳ್ಳಲು ಇದಕ್ಕಾಗದು. ಈ ಸಂಗತಿ ಮುಂದೆ ಲೆಕ್ಕಕ್ಕೆ ಬರುತ್ತದೆ.

ಒಂದು ಎಚ್ಚರಿಕೆ. ಇದರ ಹತ್ತಿರದ ಸಂಬಂಧಿಯಾದ ಇನ್ನೊಂದು ಮಣ್ಣುಮುಕ್ಕ ಹಾವಿಗೆ ಮೈಮೇಲೆ ಕಡುಕಂದು ಮಚ್ಚೆಗಳಿವೆ, ಹುರುಪೆ ಒರಟು, ಬಾಲ ಮೊನಚು. ದೂರದಿಂದ ಅದು ಕೊಳಕುಮಂಡಲದಂತೆಯೇ ಕಾಣುತ್ತದೆ. ಕೊಳಕುಮಂಡಲದ ಬೆನ್ನಮೇಲೆ ಮೂರು ಸಾಲು ಅಂಡಾಕಾರದ ಮಚ್ಚೆಗಳು ಸರಪಳಿಯ ಹಾಗೆ ಸಾಗುತ್ತವೆ, ತಲೆ ತ್ರಿಕೋನವಾಗಿ ಕತ್ತಿಗಿಂತ ಅಗಲವಿರುತ್ತದೆ, ಜೋರಾಗಿ ಬುಸುಗುಟ್ಟುತ್ತದೆ. ಅನುಮಾನವಿದ್ದರೆ ಕೊಳಕುಮಂಡಲವೆಂದೇ ತಿಳಿದು ದೂರ ಸರಿಯಿರಿ. ಹಾವು ಕಡಿತದ ಸಮಸ್ಯೆ ಎಷ್ಟು ಗಂಭೀರವೆಂದರೆ, ಕರ್ನಾಟಕ ಸರ್ಕಾರ 2024ರಲ್ಲಿ ಅದರ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ಆದೇಶಿಸಿದೆ. ಹಿಡಿದು ನೋಡಿ ಜಾತಿ ತೀರ್ಮಾನಿಸುವ ಚಪಲಕ್ಕೆ ಎಷ್ಟೋ ಮನೆಗಳು ಬೆಲೆ ತೆತ್ತಿವೆ.

ಇನ್ನು ಪಟ್ಟಿಗಳ ಮಾತು. ಗೊಂದಲಕ್ಕೆ ಮೂಲ ಏನೆಂದರೆ, ಈ ಹಾವಿಗೆ ಸಂಬಂಧಿಸಿದ ಪಟ್ಟಿಗಳು ಮೂರಿವೆ, ಮೂರರ ಕೆಲಸವೂ ಬೇರೆ ಬೇರೆ. ಒಂದು, ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ 1964ರಿಂದ ನಡೆಸಿಕೊಂಡು ಬಂದಿರುವ ಕೆಂಪು ಪಟ್ಟಿ. ಒಂದು ಜೀವಿ ಅಳಿಯುವ ಅಪಾಯ ಎಷ್ಟಿದೆ ಎಂದು ಅದು ಹೇಳುತ್ತದೆ, ಯಾರನ್ನೂ ಶಿಕ್ಷಿಸುವುದಿಲ್ಲ. ಇನ್ನೊಂದು, ದೇಶದಿಂದ ದೇಶಕ್ಕೆ ನಡೆಯುವ ವ್ಯಾಪಾರವನ್ನು ಹಿಡಿತದಲ್ಲಿಡುವ ಸೈಟಿಸ್ ಒಪ್ಪಂದದ ಪಟ್ಟಿ. ಭಾರತ 1976ರಲ್ಲಿ ಇದಕ್ಕೆ ಸೇರಿತು, ನಮ್ಮ ಹಾವು ಇದರ ಎರಡನೆಯ ಅನುಬಂಧದಲ್ಲಿದೆ. ಮೂರನೆಯದು ನಮ್ಮದೇ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಅನುಸೂಚಿಗಳು. ಕೈಗೆ ಕೋಳ ಬೀಳುವುದು, ಕೋರ್ಟಿಗೆ ಅಲೆಯುವುದು ಈ ಮೂರನೆಯದರಿಂದ. ಒಂದು ಪಟ್ಟಿಯಲ್ಲಿ ದರ್ಜೆ ಬದಲಾದರೆ ಇನ್ನೊಂದರಲ್ಲಿ ತಾನಾಗಿ ಬದಲಾಗುವುದಿಲ್ಲ.

ಕೆಂಪು ಪಟ್ಟಿಯಲ್ಲಿ ಎರಡು ತಲೆ ಹಾವು ಈಗ 'ಅಪಾಯದ ಸನಿಹ' ಎಂಬ ದರ್ಜೆಯಲ್ಲಿದೆ, ಸಂಖ್ಯೆ ಇಳಿಮುಖ ಎಂದು ನಮೂದಾಗಿದೆ. ಇದರ ಕೆಳಗೆ 'ಹೆಚ್ಚು ಕಾಳಜಿ ಬೇಡದ' ಜೀವಿಗಳು ಬರುತ್ತವೆ. ಮೇಲಕ್ಕೆ 'ದುರ್ಬಲ', 'ಅಪಾಯದಂಚಿನ', 'ತೀವ್ರ ಅಪಾಯದಂಚಿನ' ಎಂಬ ಮೂರು ಮೆಟ್ಟಿಲುಗಳಿವೆ. ಅಳಿವಿನ ಭೀತಿಯಲ್ಲಿರುವ ಜೀವಿಗಳೆಂದು ಲೆಕ್ಕ ಹಿಡಿಯುವುದು ಈ ಮೂರನ್ನು ಮಾತ್ರ. ಅಂದರೆ ನಮ್ಮ ಹಾವು ಹೊಸ್ತಿಲಿಗೆ ಬಂದು ನಿಂತಿದೆ, ಒಳಗೆ ಕಾಲಿಟ್ಟಿಲ್ಲ. ಹತ್ತು ಸಾವಿರಕ್ಕೂ ಹೆಚ್ಚು ಸರೀಸೃಪ ಜಾತಿಗಳ ಜಾಗತಿಕ ಪರಿಶೀಲನೆಯ ಫಲಿತಾಂಶ 2022ರಲ್ಲಿ ಹೊರಬಿತ್ತು. ಅದರ ಪ್ರಕಾರ ಐದರಲ್ಲೊಂದಕ್ಕಿಂತ ಹೆಚ್ಚು ಜಾತಿಗಳು ಈ ಮೂರು ಮೆಟ್ಟಿಲುಗಳ ಮೇಲಿವೆ.

ಹೊಸ್ತಿಲು ದಾಟಿದೆ ಎಂದು ತೀರ್ಮಾನಿಸುವುದು ಹೇಗೆ? ಅಳತೆಗೋಲುಗಳು ಐದಿವೆ, ಇಲ್ಲಿ ಎರಡನ್ನು ತಿಳಿದರೆ ಸಾಕು. ಮೊದಲನೆಯದು ಇಳಿಕೆಯ ವೇಗ. ಹತ್ತು ವರ್ಷ ಅಥವಾ ಮೂರು ತಲೆಮಾರು, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ಅವಧಿಯಲ್ಲಿ ಸಂಖ್ಯೆ ಶೇ. 30ರಷ್ಟು ಇಳಿದಿದ್ದರೆ 'ದುರ್ಬಲ', ಶೇ. 50ರಷ್ಟಾದರೆ 'ಅಪಾಯದಂಚಿನ', ಶೇ. 80ರಷ್ಟಾದರೆ 'ತೀವ್ರ ಅಪಾಯದಂಚಿನ'. ಒಂದು ತಲೆಮಾರು ಐದು ವರ್ಷವೆಂದು ಇಟ್ಟುಕೊಂಡರೆ ಹದಿನೈದು ವರ್ಷದ ಲೆಕ್ಕ ಬೇಕು. ಎರಡನೆಯದು ಹರವು. ಜೀವಿ ಬದುಕಿರುವ ಒಟ್ಟು ಪ್ರದೇಶ 20,000 ಚದರ ಕಿಲೋಮೀಟರಿಗಿಂತ ಕಡಿಮೆಯಿದ್ದು, ಅದೂ ಚೂರುಚೂರಾಗಿ ಕುಗ್ಗುತ್ತಿದ್ದರೆ 'ದುರ್ಬಲ'. ಕರ್ನಾಟಕವೊಂದೇ 1,91,791 ಚದರ ಕಿಲೋಮೀಟರ್. ಇರಾನಿನಿಂದ ಪಾಕಿಸ್ತಾನ ಹಾದು ನಮ್ಮ ದಕ್ಷಿಣದವರೆಗೆ ಹರಡಿರುವ ಹಾವಿಗೆ ಈ ಎರಡನೆಯ ಅಳತೆಗೋಲು ಯಾವ ಕಾಲಕ್ಕೂ ಒಗ್ಗುವುದಿಲ್ಲ. ಹಾಗಾಗಿ ಇದರ ದರ್ಜೆ ಏರಬೇಕೆಂದು ವಾದಿಸುವವರಿಗೆ ದಾರಿ ಒಂದೇ: ಇಳಿಕೆಯನ್ನು ತೋರಿಸಬೇಕು.

ಇಳಿಕೆ ತೋರಿಸುವುದು ಸುಲಭದ ಮಾತಲ್ಲ. ಹುಲಿಯನ್ನು ಕಾಡಿನಲ್ಲಿ ಕ್ಯಾಮೆರಾ ಇಟ್ಟು ಎಣಿಸುತ್ತಾರೆ. ರಾತ್ರಿ ಮಾತ್ರ ಮೇಲೆ ಬರುವ, ಹಗಲೆಲ್ಲ ಇಲಿಬಿಲದಲ್ಲೋ ಸಡಿಲ ಮಣ್ಣಿನಲ್ಲೋ ಅಡಗಿರುವ ಹಾವನ್ನು ಎಣಿಸುವುದು ಎಲ್ಲಿಂದ? ನೇರ ಎಣಿಕೆ ಇಲ್ಲದಿದ್ದರೆ ಇನ್ನೂ ಕೆಲವು ಆಧಾರಗಳನ್ನು ಐಯುಸಿಎನ್ ಒಪ್ಪುತ್ತದೆ. ಕಾಣಸಿಗುವ ಪ್ರಮಾಣದಲ್ಲಿ ಆದ ಬದಲಾವಣೆ, ನೆಲೆಯ ನಾಶ, ಹಿಡಿಯುವ ಮಾರುವ ಪ್ರಮಾಣ ಇವೂ ಆಧಾರವೇ. ಈವರೆಗೆ ಹೆಚ್ಚಾಗಿ ಸಿಕ್ಕಿರುವುದು ಕೊನೆಯದು. ಡಬ್ಲ್ಯೂಸಿಎಸ್-ಇಂಡಿಯಾ ಸಂಸ್ಥೆ 2016ರಿಂದ 2021ರವರೆಗಿನ ಸುದ್ದಿಗಳನ್ನು ಕಲೆಹಾಕಿ, ಈ ಒಂದು ಹಾವಿಗೆ ಸಂಬಂಧಿಸಿದ 172 ಜಪ್ತಿ ಪ್ರಕರಣಗಳನ್ನು ಪಟ್ಟಿ ಮಾಡಿತು. ಅವು ಹದಿನೆಂಟು ರಾಜ್ಯಗಳಲ್ಲಿ ಹರಡಿದ್ದವು, ಮಹಾರಾಷ್ಟ್ರ ಎಲ್ಲಕ್ಕಿಂತ ಮುಂದಿತ್ತು.

ಈ ಸಂಖ್ಯೆಯನ್ನು ಎಚ್ಚರದಿಂದ ಓದಬೇಕು. ಜಪ್ತಿ ಹೆಚ್ಚಿದರೆ ದಂಧೆ ಹೆಚ್ಚಿದೆ ಎಂದೂ ಅರ್ಥ, ಪೊಲೀಸರು ಚುರುಕಾಗಿದ್ದಾರೆ ಎಂದೂ ಅರ್ಥ. ಸಿಕ್ಕಿಬಿದ್ದದ್ದು ಮಾತ್ರ ಲೆಕ್ಕಕ್ಕೆ ಬರುತ್ತದೆ, ಸಿಗದೆ ಹೋದದ್ದು ಬರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಪೇಟೆಯ ಲಾಡ್ಜಿನಲ್ಲಿ ಚೀಲ ಸಮೇತ ಸಿಕ್ಕ ಹಾವು ಯಾವ ಊರಿನ ಯಾವ ಹೊಲದ್ದು ಎಂಬುದು ಎಷ್ಟೋ ಪ್ರಕರಣಗಳಲ್ಲಿ ದಾಖಲಾಗುವುದೇ ಇಲ್ಲ. ಹಿಡಿದವರನ್ನು ವಿಚಾರಿಸುವಾಗ ಈ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಿ ಪಂಚನಾಮೆಯಲ್ಲಿ ಬರೆದರೆ ಎರಡು ಉಪಯೋಗವಿದೆ. ಹಾವನ್ನು ಅದರ ಸ್ವಂತ ನೆಲೆಯಲ್ಲೇ ಬಿಡಬಹುದು, ಯಾವ ಸೀಮೆ ಬರಿದಾಗುತ್ತಿದೆ ಎಂದು ತಿಳಿಯಬಹುದು. ಕಂಡಲ್ಲಿ ತಂದು ಎಲ್ಲೋ ಒಂದು ಗುಡ್ಡದಲ್ಲಿ ಬಿಟ್ಟು ಫೋಟೊ ತೆಗೆಸಿಕೊಳ್ಳುವುದು ಹಾವಿಗೆ ಮಾಡುವ ಉಪಕಾರವಲ್ಲ. ತನ್ನ ಬಿಲ, ತನ್ನ ಬೇಟೆ ಇರುವ ಜಾಗ ಬಿಟ್ಟ ಹಾವು ಬದುಕುವುದು ಕಷ್ಟ.

ಸರಿಯಾದ ಎಣಿಕೆ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಒಂದು ಹಾವು ಸಾಕ್ಷಿ. ಈರಿ ಸರೋವರದ ದ್ವೀಪಗಳಲ್ಲಿರುವ ನೀರುಹಾವನ್ನು ಜನ ಕಂಡಲ್ಲಿ ಕೊಲ್ಲುತ್ತಿದ್ದರು. 1999ರಲ್ಲಿ ಅದು ಅಲ್ಲಿನ ಕಾಯ್ದೆಯ ರಕ್ಷಣಾ ಪಟ್ಟಿ ಸೇರಿತು. ಬೆಳೆದ ಹಾವುಗಳ ಸಂಖ್ಯೆ ಸತತ ಆರು ವರ್ಷ 5,555ಕ್ಕಿಂತ ಕೆಳಗಿಳಿಯಬಾರದು ಎಂಬುದು ಇಟ್ಟ ಗುರಿಗಳಲ್ಲಿ ಒಂದು. ಸಂಶೋಧಕರು ಹಾವು ಹಿಡಿದು, ಗುರುತು ಹಾಕಿ, ಬಿಟ್ಟು, ಮತ್ತೆ ಹಿಡಿದು ಲೆಕ್ಕ ಹಾಕಿದರು. ಲೆಕ್ಕದ ಉಪಾಯ ಸರಳ: ಮೊದಲ ಸಲ 20 ಹಾವಿಗೆ ಗುರುತು ಹಾಕಿ ಬಿಟ್ಟಿರಿ, ಮುಂದಿನ ಸಲ ಸಿಕ್ಕ 25ರಲ್ಲಿ 5ಕ್ಕೆ ಗುರುತಿತ್ತು ಎಂದರೆ ಅಲ್ಲಿ ಸುಮಾರು ನೂರು ಹಾವುಗಳಿವೆ. ಗುರಿ ಮುಟ್ಟಿತು, 2011ರಲ್ಲಿ ಹಾವು ಪಟ್ಟಿಯಿಂದ ಹೊರಬಂತು. ಅಲ್ಲಿನ ಕಾಯ್ದೆ ಪ್ರತಿ ಐದು ವರ್ಷಕ್ಕೊಮ್ಮೆ ಪಟ್ಟಿಯಲ್ಲಿರುವ ಪ್ರತಿ ಜೀವಿಯ ಸ್ಥಿತಿ ಪರಿಶೀಲಿಸಲೇಬೇಕು ಎನ್ನುತ್ತದೆ. ನಮ್ಮ ಕಾಯ್ದೆಯಲ್ಲಿ ಅಂಥ ಗಡುವಿಲ್ಲ. ಅದು ಇರಬೇಕಿತ್ತು ಎಂದು ನಾನು ಬಲವಾಗಿ ನಂಬುತ್ತೇನೆ.

ಗಡುವಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇನ್ನೊಂದು ಹಾವನ್ನು ನೋಡಿ. ಹಕ್ಕಿಮೊಟ್ಟೆ ತಿಂದು ಬದುಕುವ ಒಂದು ಅಪರೂಪದ ಹಾವನ್ನು 1863ರಲ್ಲಿ ವಿವರಿಸಲಾಯಿತು. ಬಹುಕಾಲ ಬೆರಳೆಣಿಕೆಯ ಮಾದರಿಗಳು ಮಾತ್ರ ಸಿಕ್ಕಿದ್ದರಿಂದ ನಮ್ಮ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಅದಕ್ಕೆ ಹೆಬ್ಬಾವಿನ ಸಮಕ್ಕೆ ಜಾಗ ಸಿಕ್ಕಿತು. 2003ರಲ್ಲಿ ಮಹಾರಾಷ್ಟ್ರದ ವಾರ್ಧಾ ಕಡೆ ಅದು ಕಂಡಿತು, ಆಮೇಲೆ ಬೇರೆ ಬೇರೆ ರಾಜ್ಯಗಳಲ್ಲೂ ಸಿಗುತ್ತಾ ಹೋಯಿತು. ಕೆಂಪು ಪಟ್ಟಿಯಲ್ಲಿ ಈಗ ಅದು 'ಹೆಚ್ಚು ಕಾಳಜಿ ಬೇಡದ' ದರ್ಜೆಯಲ್ಲಿದೆ. ಹುಡುಕಿದವರಿಲ್ಲದೆ ಅಪರೂಪವಾಗಿದ್ದ ಹಾವು ಮೇಲಿತ್ತು, ಎಲ್ಲ ಕಡೆ ಸಿಗುತ್ತದೆಂಬ ನಂಬಿಕೆಯಲ್ಲಿ ಎರಡು ತಲೆ ಹಾವು ಕೆಳಗಿತ್ತು. ಅದೇ ಹೊತ್ತಿಗೆ ಹಣದಾಸೆಗೆ ಬಲಿಯಾಗುತ್ತಿದ್ದದ್ದು ಕೆಳಗಿದ್ದ ಹಾವು.

ಎಷ್ಟು ಕೆಳಗೆ? 2022ರ ತಿದ್ದುಪಡಿಗೆ ಮುನ್ನ ನಮ್ಮ ಕಾಯ್ದೆಯಲ್ಲಿ ಆರು ಅನುಸೂಚಿಗಳಿದ್ದವು. ಹೆಬ್ಬಾವು ಒಂದನೆಯದರಲ್ಲಿ, ನಾಗರಹಾವು, ಕೇರೆ, ಕಾಳಿಂಗ, ಕೊಳಕುಮಂಡಲ ಎರಡನೆಯದರಲ್ಲಿ, ಎರಡು ತಲೆ ಹಾವೂ ಸೇರಿ ಉಳಿದ ಹಾವುಗಳ ದೊಡ್ಡ ಗುಂಪು ನಾಲ್ಕನೆಯದರಲ್ಲಿ ಇದ್ದವು. ತಿದ್ದುಪಡಿ ಮಸೂದೆ 2021ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂತು. ಅದನ್ನು ಕರ್ನಾಟಕದಿಂದ ರಾಜ್ಯಸಭೆಗೆ ಹೋಗಿದ್ದ ಜೈರಾಮ್ ರಮೇಶ್ ಅಧ್ಯಕ್ಷತೆಯ ಸಂಸದೀಯ ಸ್ಥಾಯಿ ಸಮಿತಿ ಪರಿಶೀಲಿಸಿತು. ಅನುಸೂಚಿಗಳಲ್ಲಿ ಯಾವ ಜೀವಿ ಬಿಟ್ಟುಹೋಗಿದೆ, ಯಾವುದು ತಪ್ಪು ಜಾಗದಲ್ಲಿದೆ ಎಂದು ತಜ್ಞರು, ಸಂಘಸಂಸ್ಥೆಗಳು ಕೊಟ್ಟ ಮನವಿಗಳನ್ನು ಸಮಿತಿ ಒಂದೊಂದಾಗಿ ನೋಡಿತು. ಕಾಯ್ದೆ 2022ರ ಡಿಸೆಂಬರಿನಲ್ಲಿ ಅಂಗೀಕಾರವಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಈಗ ಅನುಸೂಚಿಗಳು ನಾಲ್ಕೇ. ಹೆಚ್ಚು ರಕ್ಷಣೆಯ ಪ್ರಾಣಿಗಳು ಒಂದರಲ್ಲಿ, ಉಳಿದ ಪ್ರಾಣಿಗಳು ಎರಡರಲ್ಲಿ, ಸಸ್ಯಗಳು ಮೂರರಲ್ಲಿ, ಸೈಟಿಸ್ ಪಟ್ಟಿಯ ಜೀವಿಗಳು ನಾಲ್ಕರಲ್ಲಿ.

ಆದ್ದರಿಂದ 'ನಾಲ್ಕನೆಯ ಶೆಡ್ಯೂಲಿನ ಹಾವು' ಎಂದು ಹಳೆಯ ರೂಢಿಯಲ್ಲಿ ಇಂದಿಗೂ ಬರೆದರೆ ಅದು ದಾರಿತಪ್ಪಿಸುವ ಮಾತು. ಹಳೆಯ ನಾಲ್ಕಕ್ಕೂ ಹೊಸ ನಾಲ್ಕಕ್ಕೂ ಸಂಬಂಧವಿಲ್ಲ. ಮೊಕದ್ದಮೆ ಹಾಕುವವರು, ವರದಿ ಬರೆಯುವವರು 2022ರ ರಾಜಪತ್ರದ ಪ್ರತಿಯನ್ನೇ ತೆರೆದು ಎರಿಕ್ಸ್ ಎಂಬ ಹೆಸರನ್ನು ಹುಡುಕಿ ನೋಡಿ ಬರೆಯಬೇಕು. ಯಾವ ಅನುಸೂಚಿ ಎಂಬುದರ ಮೇಲೆ ಶಿಕ್ಷೆ ನಿಂತಿದೆ. ಒಂದನೆಯ ಅನುಸೂಚಿಯ ಪ್ರಾಣಿಯಾದರೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಸೆರೆ, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ಉಳಿದವಕ್ಕೆ ಸಾಮಾನ್ಯವಾಗಿ ಮೂರು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇನ್ನೊಂದು ವ್ಯತ್ಯಾಸ ಜನರ ಕಣ್ಣಿಗೆ ಬೀಳುವುದಿಲ್ಲ. ಕನಿಷ್ಠ ಸೆರೆವಾಸ ಗೊತ್ತುಮಾಡಿದ ಅಪರಾಧವನ್ನು ಹಣ ಕಟ್ಟಿ ರಾಜಿಯಲ್ಲಿ ಮುಗಿಸಲು ಬರುವುದಿಲ್ಲ. ಕೆಳಗಿನ ದರ್ಜೆಯ ಪ್ರಾಣಿಗೆ ಆ ಬಾಗಿಲು ತೆರೆದಿರುತ್ತದೆ. ಹಾವು ಮಾರುವ ದಂಧೆಯವನಿಗೆ ರಾಜಿಯ ಹಣ ವ್ಯಾಪಾರದ ಖರ್ಚಿನಲ್ಲಿ ಒಂದು ಬಾಬತ್ತಷ್ಟೇ.

ಹಿಡಿಯುವವರ ಮಟ್ಟಿಗೆ ಮಾತ್ರ ಒಂದು ಎರಡರ ಭೇದವಿಲ್ಲ. ಕಾಯ್ದೆಯ 9ನೇ ಕಲಂ ಎರಡೂ ಅನುಸೂಚಿಗಳ ಪ್ರಾಣಿಗಳ ಬೇಟೆಯನ್ನು ನಿಷೇಧಿಸುತ್ತದೆ, ಕಾಯ್ದೆಯ ಪ್ರಕಾರ ಹಿಡಿಯುವುದೂ ಬಲೆ ಹಾಕುವುದೂ ಬೇಟೆಯೇ. 'ಕೊಂದಿಲ್ಲ, ಕೊಡದಲ್ಲಿ ಇಟ್ಟಿದ್ದೆ ಅಷ್ಟೆ' ಎಂಬ ಮಾತು ನಿಲ್ಲುವುದಿಲ್ಲ. ಹಾವು ನಿಮ್ಮ ಬಳಿ ಸಿಕ್ಕಿತು ಎಂದು ಸಾಬೀತಾದರೆ ಅದು ಅಕ್ರಮವಾಗಿಯೇ ನಿಮ್ಮ ಬಳಿ ಇತ್ತು ಎಂದು 57ನೇ ಕಲಂ ಭಾವಿಸುತ್ತದೆ, ಅಲ್ಲವೆಂದು ತೋರಿಸುವ ಹೊಣೆ ನಿಮ್ಮದು. ಯಾವುದೋ ಕಾರಣಕ್ಕೆ ಹಾವು ಕೈಗೆ ಬಂದರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅರಣ್ಯ ಅಧಿಕಾರಿಗೋ ತಿಳಿಸಬೇಕು ಎಂದು 39ನೇ ಕಲಂ ಹೇಳುತ್ತದೆ. ಅರಣ್ಯ ಇಲಾಖೆಯ ಸಹಾಯವಾಣಿ 1926.

ಅನುಸೂಚಿ ಬದಲಿಸುವ ಅಧಿಕಾರ ಕೇಂದ್ರ ಸರ್ಕಾರದ್ದು. 61ನೇ ಕಲಂ ಪ್ರಕಾರ ಒಂದು ಅಧಿಸೂಚನೆ ಸಾಕು, ಸಂಸತ್ತಿನಲ್ಲಿ ಹೊಸ ಮಸೂದೆ ಬೇಕಿಲ್ಲ. 2001ರ ಮೇ ತಿಂಗಳಲ್ಲಿ ತಿಮಿಂಗಿಲ ಶಾರ್ಕ್ ಹೀಗೆಯೇ ಮೊದಲ ಅನುಸೂಚಿಗೆ ಸೇರಿತು. ಅದೇ ವರ್ಷ ಜುಲೈಯಲ್ಲಿ ಎಲ್ಲ ಬಗೆಯ ಶಾರ್ಕುಗಳನ್ನೂ ತೊರಕೆಗಳನ್ನೂ ಸೇರಿಸಿದಾಗ ಮೀನುಗಾರರು ಪ್ರತಿಭಟಿಸಿದರು, ಡಿಸೆಂಬರಿನಲ್ಲಿ ಪಟ್ಟಿ ಹತ್ತು ಜಾತಿಗಳಿಗೆ ಇಳಿಯಿತು. ಅಂದರೆ ಈ ಪರಿಶೀಲನೆಯಲ್ಲಿ ವಿಜ್ಞಾನದ ಜೊತೆ ಜನರ ದನಿಯೂ ಕೆಲಸ ಮಾಡುತ್ತದೆ. ಪ್ರಧಾನಿ ಅಧ್ಯಕ್ಷತೆಯ ರಾಷ್ಟ್ರೀಯ ವನ್ಯಜೀವಿ ಮಂಡಳಿ, ಮುಖ್ಯಮಂತ್ರಿ ಅಧ್ಯಕ್ಷತೆಯ ರಾಜ್ಯ ವನ್ಯಜೀವಿ ಮಂಡಳಿ, ಭಾರತೀಯ ಪ್ರಾಣಿ ಸರ್ವೇಕ್ಷಣಾ ಇಲಾಖೆ ಇವೆಲ್ಲ ಸಲಹೆ ಕೊಡುವ ಜಾಗಗಳು. ಮನವಿ ಯಾರು ಬೇಕಾದರೂ ಕೊಡಬಹುದು, ಆದರೆ ಬರಿಗೈ ಮನವಿ ಕಡತದಲ್ಲೇ ಉಳಿಯುತ್ತದೆ.

ಪುರಾವೆ ಸಹಿತ ಮನವಿ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ನೋಡಲು ದೂರ ಹೋಗಬೇಕಿಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ 98.76 ಹೆಕ್ಟೇರಿನದು. ನೀರಾವರಿ ಕೆರೆಯಾಗಿದ್ದ ಇದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು, 2024ರ ಜನವರಿಯಲ್ಲಿ ರಾಮ್ಸರ್ ತಾಣವೆಂದು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲೆಯೆಂದು ಪ್ರಕಟವಾಯಿತು. ಅಲ್ಲಿಗೆ ಮುಟ್ಟಿಸಿದ್ದು ಹಕ್ಕಿಗಳ ಎಣಿಕೆ. ಮೂವತ್ತು ಸಾವಿರಕ್ಕೂ ಹೆಚ್ಚು ನೀರಹಕ್ಕಿಗಳು ಅಲ್ಲಿ ನೆಲೆಸುತ್ತವೆ, ಬಣ್ಣದ ಕೊಕ್ಕರೆ ಮತ್ತು ಕರಿತಲೆ ಕೆಂಬರಲುಗಳು ತಮ್ಮ ಪ್ರದೇಶದ ಒಟ್ಟು ಸಂಖ್ಯೆಯ ಶೇ. 1ಕ್ಕಿಂತ ಹೆಚ್ಚಿವೆ ಎಂಬ ಲೆಕ್ಕ ಕಾಗದದ ಮೇಲೆ ಇತ್ತು. ಬೈನಾಕ್ಯುಲರ್ ಹಿಡಿದು ಕೆರೆ ಏರಿಯ ಮೇಲೆ ನಿಲ್ಲುವವರು ಹಕ್ಕಿಗೆ ಸಿಕ್ಕರು. ಹಾವಿಗೆ ಅಂಥವರು ಸಿಗಬೇಕು.

ಹಾವಿನ ಪರಿಸ್ಥಿತಿ ಇನ್ನೊಂದು ಕಾರಣಕ್ಕೂ ನಾಜೂಕು. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ 2013ರಿಂದ ಕರಡಿಧಾಮವಿದೆ, ಅದರ ಗಡಿಯೊಳಗಿನ ಜೀವಿಗಳಿಗೆಲ್ಲ ಆ ನೆಲದ ರಕ್ಷಣೆ ಸಿಗುತ್ತದೆ. ಎರಡು ತಲೆ ಹಾವಿನ ಬಾಳು ಬಹುಪಾಲು ಶೇಂಗಾ, ಮೆಕ್ಕೆಜೋಳ, ಸಜ್ಜೆ ಹೊಲಗಳಲ್ಲಿ, ಬದುಗಳಲ್ಲಿ, ಬೀಳು ಬಿದ್ದ ಮಸಾರಿಯಲ್ಲಿ. ಅಲ್ಲಿ ಕಾವಲುಗಾರನಿಲ್ಲ, ಗಡಿಕಲ್ಲಿಲ್ಲ. ಅನುಸೂಚಿಯಲ್ಲಿ ಬರೆದ ಹೆಸರೊಂದೇ ಅದರ ಬೇಲಿ. ಬದು ಒಡೆದು ಹೊಲ ದೊಡ್ಡದು ಮಾಡುವುದು, ಜೆಸಿಬಿಯಲ್ಲಿ ನೆಲ ಮಟ್ಟ ಮಾಡುವುದು, ರಾತ್ರಿ ರಸ್ತೆ ದಾಟುವಾಗ ಗಾಲಿಗೆ ಸಿಗುವುದು ಇವಾವುದೂ ಅನುಸೂಚಿಯ ಕೈಗೆ ಸಿಗುವ ಅಪರಾಧಗಳಲ್ಲ. ಆದರೆ ಕೆಂಪು ಪಟ್ಟಿಯ ಲೆಕ್ಕದಲ್ಲಿ ಇವೆಲ್ಲವೂ ಇಳಿಕೆಯ ಕಾರಣಗಳಾಗಿ ಬರುತ್ತವೆ, ಯಾರಾದರೂ ಬರೆದಿಟ್ಟಿದ್ದರೆ.

ಬರೆದಿಡುವುದು ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಕೆಲಸ ನಿಂತಿರುವುದೇ ಅಲ್ಲಿ. ಜೀವಂತ ಹಾವು ಕಂಡರೆ ಮುಟ್ಟಬೇಡಿ, ದಾರಿ ಬಿಡಿ. ಮೂರ್ನಾಲ್ಕು ಮಾರು ದೂರದಿಂದ ಫೋನಿನಲ್ಲಿ ತಲೆ, ನಡುಮೈ, ಬಾಲ ಮೂರೂ ಕಾಣುವಂತೆ ಫೋಟೊ ತೆಗೆಯಿರಿ. ದಿನ, ಹೊತ್ತು, ಮಳೆ ಬಿದ್ದಿತ್ತೇ, ಮಣ್ಣು ಮಸಾರಿಯೋ ಎರೆಯೋ, ಹೊಲದಲ್ಲಿ ಯಾವ ಬೆಳೆ, ಹಾವು ಏನು ಮಾಡುತ್ತಿತ್ತು ಎಂದು ಅವತ್ತೇ ಗುರುತು ಮಾಡಿಕೊಳ್ಳಿ. ರಸ್ತೆಯಲ್ಲಿ ಸತ್ತ ಹಾವು ಕಂಡರೆ ಅದೂ ಅಷ್ಟೇ ಬೆಲೆಯುಳ್ಳ ದಾಖಲೆ. ಪಕ್ಕದಲ್ಲಿ ಕುಡುಗೋಲನ್ನೋ ಚಪ್ಪಲಿಯನ್ನೋ ಇಟ್ಟು ಫೋಟೊ ತೆಗೆದರೆ ಉದ್ದ ಎಷ್ಟೆಂದು ಆಮೇಲೆ ಅಂದಾಜು ಮಾಡಬಹುದು. ಮರಿ ಕಂಡರಂತೂ ತಪ್ಪದೆ ಬರೆಯಿರಿ. ಅಲ್ಲಿ ಸಂತಾನ ನಡೆಯುತ್ತಿದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪುರಾವೆಯಿಲ್ಲ.

ಊರಿನ ಹೆಸರು ಬರೆಯುವಾಗ ಈ ಸೀಮೆಯವರಿಗೆ ವಿಶೇಷ ಎಚ್ಚರ ಬೇಕು. ಹರಪನಹಳ್ಳಿ ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಸೇರಿತು, ಮತ್ತೆ ಬಳ್ಳಾರಿಗೆ ಬಂತು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಕೊಟ್ಟೂರು ತೀರಾ ಇತ್ತೀಚಿನವರೆಗೆ ಕೂಡ್ಲಿಗಿ ತಾಲ್ಲೂಕಿನ ಭಾಗ. ಹಳೆಯ ದಾಖಲೆಯಲ್ಲಿ 'ಬಳ್ಳಾರಿ ಜಿಲ್ಲೆಯ ಹಾವು' ಎಂದಷ್ಟೇ ಇದ್ದರೆ ಅದು ತುಂಗಭದ್ರೆಯ ದಂಡೆಯ ಹಡಗಲಿಯದೋ ಸಂಡೂರಿನ ಕಾಡಿನದೋ ಹೇಳಲಾಗದು. ಹದಿನೈದು ವರ್ಷದ ಏರಿಳಿತ ಹೋಲಿಸಲು ಕೂತವರಿಗೆ ಇಂಥ ದಾಖಲೆ ಪ್ರಯೋಜನಕ್ಕೆ ಬಾರದು. ಗ್ರಾಮದ ಹೆಸರು, ಸರ್ವೆ ನಂಬರು, ಸಾಧ್ಯವಾದರೆ ಫೋನಿನಲ್ಲಿ ಸಿಗುವ ಅಕ್ಷಾಂಶ ರೇಖಾಂಶ ಬರೆದಿಡಿ. ಜಿಲ್ಲೆ ಬದಲಾದರೂ ಹೊಲ ಅಲ್ಲೇ ಇರುತ್ತದೆ.

ಬರೆದದ್ದನ್ನು ಎಲ್ಲಿಗೆ ಕೊಡಬೇಕು? 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಪ್ರಾಣಿ, ಅವುಗಳ ಬಗೆಗಿನ ಜನರ ತಿಳಿವಳಿಕೆಯನ್ನು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆಯಬೇಕು. ನಿಮ್ಮ ಪಂಚಾಯಿತಿಯ ದಾಖಲಾತಿ ಕೇಳಿ ನೋಡಿ, ಹಾವುಗಳ ಪುಟದಲ್ಲಿ ಏನಿದೆ ಓದಿ, ಇಲ್ಲದ್ದನ್ನು ಸೇರಿಸಲು ಬರೆದುಕೊಡಿ. ಇದು ಕಾನೂನಿನ ಬೆಂಬಲವಿರುವ ದಾಖಲೆ. ಇನ್ನೊಂದು ಪ್ರತಿಯನ್ನು ಐನ್ಯಾಚುರಲಿಸ್ಟ್, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಂಥ ಕಡೆ ಹಾಕಿದರೆ ಪರಿಶೀಲನೆಗೆ ಕೂರುವ ತಜ್ಞರ ಕಣ್ಣಿಗೂ ಬೀಳುತ್ತದೆ. ಕೆಂಪು ಪಟ್ಟಿಯ ಪರಿಶೀಲಕರು ಹತ್ತು ವರ್ಷದೊಳಗೆ ಪ್ರತಿ ಜೀವಿಯನ್ನೂ ಮತ್ತೆ ನೋಡಲು ಪ್ರಯತ್ನಿಸುತ್ತಾರೆ, ಆಗ ಅವರು ಹುಡುಕುವುದು ಇಂಥ ದಾಖಲೆಗಳನ್ನೇ.

ಇಲ್ಲಿ ಒಂದು ಮಾತನ್ನು ಕೈಮುಗಿದು ಹೇಳುತ್ತೇನೆ. ಎರಡು ತಲೆ ಹಾವಿನ ಫೋಟೊವನ್ನು ಊರಿನ ಹೆಸರು ಸಮೇತ ವಾಟ್ಸ್ಯಾಪ್ ಸ್ಟೇಟಸ್‌ಗೋ ಫೇಸ್‌ಬುಕ್‌ಗೋ ಹಾಕಬೇಡಿ. ಅದನ್ನು ನೋಡಿ ಸಂಜೆಯೊಳಗೆ ಚೀಲ ಹಿಡಿದು ಬರುವವರಿದ್ದಾರೆ. ಐನ್ಯಾಚುರಲಿಸ್ಟ್ ಇಂಥ ಜೀವಿಗಳ ನಿಖರ ಜಾಗವನ್ನು ತಾನಾಗಿಯೇ ಮರೆಮಾಚುತ್ತದೆ, ಪಂಚಾಯಿತಿಯ ದಾಖಲಾತಿಯಲ್ಲೂ ಗುಟ್ಟಾಗಿಡಬೇಕಾದ ಮಾಹಿತಿಯನ್ನು ಬೇರೆಯಾಗಿ ಇಡಿಸಬಹುದು. ಸಂಖ್ಯೆ ಅಳೆಯಲು ಹಾವು ಹಿಡಿಯಲೇಬೇಕಾದ ಸಂಶೋಧಕರಿಗೆ 12ನೇ ಕಲಂ ಅಡಿ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಅದು ನಮ್ಮ ನಿಮ್ಮ ಕೆಲಸವಲ್ಲ.

ಹಾಗಾದರೆ ಈ ಹಾವಿಗೆ ಅತ್ಯುನ್ನತ ದರ್ಜೆಯೇ ಸಿಗಬೇಕೆ ಎಂದು ಕೇಳಿದರೆ ನನ್ನ ಅಭಿಪ್ರಾಯ ಇದು. ಇಷ್ಟು ನಿಧಾನವಾಗಿ ಮರಿ ಮಾಡುವ, ಇಷ್ಟು ಹುಡುಕಿ ಹಿಡಿಯಲ್ಪಡುವ ಪ್ರಾಣಿಗೆ ರಾಜಿಯ ಬಾಗಿಲು ಮುಚ್ಚಿದ ರಕ್ಷಣೆಯೇ ನ್ಯಾಯ. ಆದರೆ ದರ್ಜೆ ಏರಿಸಿದ ಸುದ್ದಿಯನ್ನೇ 'ನೋಡಿ, ಸರ್ಕಾರವೇ ಇದನ್ನು ಅಷ್ಟು ಅಮೂಲ್ಯ ಅಂದಿದೆ' ಎಂದು ದಲ್ಲಾಳಿಗಳು ತಿರುಚಿಕೊಳ್ಳುತ್ತಾರೆ. ಹಾಗಾಗಿ ಅಧಿಸೂಚನೆಯ ಜೊತೆಜೊತೆಗೇ ಕೊಟ್ಟೂರಿನ ತೇರು, ಮೈಲಾರದ ಜಾತ್ರೆಯಂಥ ಜನ ಸೇರುವ ಕಡೆ, ಸಂತೆಯಲ್ಲಿ, ಶಾಲೆಯಲ್ಲಿ ಒಂದು ಮಾತು ಹೋಗಬೇಕು: ಈ ಹಾವಿನಲ್ಲಿ ಔಷಧವಿಲ್ಲ, ನಿಧಿಯಿಲ್ಲ, ಕೊಳ್ಳುವ ಕಂಪನಿಯಿಲ್ಲ, ಇರುವುದು ಮೋಸವಷ್ಟೇ. ಅರಣ್ಯ ಇಲಾಖೆ ಮತ್ತು ಪಂಚಾಯಿತಿ ಕೂಡಿ ಈ ಕೆಲಸ ಮಾಡಬಹುದು, ಅದಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಜೀವವೈವಿಧ್ಯ ಸಮಿತಿಯ ವಿಷಯ ಬಂದಾಗ, ದಾಖಲಾತಿಯ ಹಾವುಗಳ ಪುಟವನ್ನು ತೆರೆಸಿ ಎಂದು ಎದ್ದು ನಿಂತು ಕೇಳುವುದರಿಂದ ಶುರುಮಾಡಬಹುದು.